ಮಿಲಿಟರಿ ಕೋಟಿನ ಅಕ್ಕೋರು

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಒಬ್ಬ ಹೆಂಗಸು ಎರಡೂ ತೋಳಿನ ಮೇಲೆ ಮಿಲಿಟರಿ ಉಣ್ಣೆ ಕೋಟುಗಳನ್ನು ಹೇರಿಕೊಂಡು ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಇಳಿದರೆ, ಅಲ್ಲಿದ್ದವರಿಗೆ ಎರಡು ವಿಷಯ ಗೊತ್ತಾಗುತ್ತಿತ್ತು. ಶಾಲೆಗಳಿಗೆ ಸೂಟಿ ಬಿಟ್ಟಿದೆ. ಅಕ್ಕೋರು ಈ ವರ್ಷವೂ ಹೆಂಗಸರನ್ನು ಕಟ್ಟಿಕೊಂಡು ಹಿಮದ ಊರಿಗೆ ಹೊರಟಿದ್ದಾರೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಆದರೆ ಚಿಕ್ಕೋಡಿಯಲ್ಲಿ ಆ ದಿನಗಳಲ್ಲಿ ಬರೀ 'ಅಕ್ಕೋರು' ಎಂದರೆ ಅದು ಒಬ್ಬರೇ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಮನೆಯಲ್ಲಿ ಒಂಟಿಯಾಗಿದ್ದರು. ಎತ್ತರದ ಆಳು, ದೊಡ್ಡ ಹೆಜ್ಜೆ, ಮಾತು ಕಡಿಮೆ. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬದುಕಿದ್ದಾಗ ಪತ್ರಿಕೆಯಲ್ಲಿ ಹೆಸರು ಬರುವುದನ್ನು ಅವರು ಒಪ್ಪುತ್ತಿರಲಿಲ್ಲ. "ಹೆಸರ ಹಾಕಬ್ಯಾಡ ತಮ್ಮಾ. ಹಾಕಿದಿ ಅಂದ್ರ ನಾಳಿಂದ ಅಥಣಿ, ಕಾಗವಾಡ ಅಂತ ಎಲ್ಲಾ ಕಡಿಂದ ಮಂದಿ ಬರ್ತಾರ. ನನಗ ಬಸ್ಸ ಸಾಲೂದಿಲ್ಲ" ಎನ್ನುತ್ತಿದ್ದರು. ಈ ಚಳಿಗಾಲದಲ್ಲಿ ಅವರು ತೀರಿಕೊಂಡಾಗ ಮೊದಲ ಸಲ ಅವರ ಹೆಸರು ಅಚ್ಚಾಯಿತು. ಆ ನಾಲ್ಕು ಸಾಲಿನ ಸುದ್ದಿಯನ್ನು ಕಳಿಸಿದವನು ನಾನೇ. ಹೆಸರು, ವಯಸ್ಸು, ಶಾಲೆ, ಅಂತ್ಯಕ್ರಿಯೆಯ ಸ್ಥಳ. ನಾಲ್ಕು ಸಾಲಿನಲ್ಲಿ ಕೋಟುಗಳಿಗೆ ಜಾಗವಿರಲಿಲ್ಲ.

ಕೋಟುಗಳ ವಿಷಯ ಹೀಗೆ. ನಿಪ್ಪಾಣಿ ಸುತ್ತಲಿನ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರು ಬಹಳ. ಅವರ ಮನೆಯ ಟ್ರಂಕಿನಲ್ಲಿ ದಪ್ಪ ಕೋಟು, ಹಸಿರು ಸ್ವೆಟರು, ಕಿವಿ ಮುಚ್ಚುವ ಟೋಪಿ ನುಸಿಗುಳಿಗೆಯ ಜತೆ ವರ್ಷಗಟ್ಟಲೆ ಬಿದ್ದಿರುತ್ತಿದ್ದವು. ನಮ್ಮ ಹವೆಗೆ ಅವು ಯಾತಕ್ಕೂ ಬರುವುದಿಲ್ಲ. ಅಕ್ಕೋರು ಮನೆಮನೆಗೆ ಹೋಗಿ ಅವನ್ನು ಕಡ ತರುತ್ತಿದ್ದರು. ಕಬ್ಬು ಕಡಿಯುವ, ತಂಬಾಕು ಒಣಗಿಸುವ ಮನೆಯ ಹೆಂಗಸು ಹಿಮ ನೋಡಲು ಹೋಗಬೇಕೆಂದರೆ ಮೊದಲ ಅಡ್ಡಿ ಉಣ್ಣೆಬಟ್ಟೆ. ಒಂದು ವಾರದ ಚಳಿಗಾಗಿ ಯಾರು ಕೊಂಡುಕೊಳ್ಳುತ್ತಾರೆ? ಆ ಅಡ್ಡಿಯನ್ನು ಅವರು ಹೀಗೆ ತೆಗೆದರು.

ಒಮ್ಮೆ ನಾನೂ ಅವರ ಜತೆ ಬೇಡಕಿಹಾಳಕ್ಕೆ ಹೋಗಿದ್ದೆ. ನಾನಾಗ ಬೆಳಗಾವಿಯ ಒಂದು ಪತ್ರಿಕೆಗೆ ಚಿಕ್ಕೋಡಿಯಿಂದ ಸುದ್ದಿ ಕಳಿಸುತ್ತಿದ್ದೆ. ಬರೆದದ್ದನ್ನು ಕವರಿನಲ್ಲಿಟ್ಟು ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುವ ಕಾಲ. ಬೇಡಕಿಹಾಳದಲ್ಲಿ ಒಬ್ಬ ನಿವೃತ್ತ ಹವಾಲ್ದಾರರು ಟ್ರಂಕು ತೆರೆದು ಕೋಟನ್ನು ಎತ್ತಿ ಕೊಡವಿ ಕೊಟ್ಟರು. ಅವರ ಹೆಂಡತಿಯೂ ಆ ವರ್ಷ ಹೊರಟಿದ್ದಳು. ಊರಿಗೆಲ್ಲ ಆಕೆ ಕಾಕೂ, ಮರಾಠಿಯ ಚಿಕ್ಕಮ್ಮ.

"ಗುಂಡಿ ಕಳೀಬ್ಯಾಡ್ರಿ ಅಕ್ಕೋರ. ಕೊಟ್ಟಾಂಗ ತಂದ ಕೊಡ್ರಿ" ಎಂದರು ಹವಾಲ್ದಾರರು.

"ಕೋಟ ಅಷ್ಟ ಅಲ್ರಿ, ಕಾಕೂನ್ನೂ ಕೊಟ್ಟಾಂಗ ತಂದ ಕೊಡತೀನಿ."

"ಆಕಿ ಸ್ವಲ್ಪ ಸವದ ಬಂದ್ರೂ ನಡೀತೈತ್ರಿ. ಕೋಟ ಸರಕಾರದ್ದು."

ಒಳಗಿನಿಂದ ಕಾಕೂ ಮರಾಠಿಯಲ್ಲಿ ಏನೋ ಅಂದಳು. ಹವಾಲ್ದಾರರು ನಗುವುದನ್ನು ನಿಲ್ಲಿಸಿ ಟ್ರಂಕು ಮುಚ್ಚಿದರು.

ಅಕ್ಕೋರ ಪ್ರವಾಸ ಅಗ್ಗವಾಗಲು ಕೋಟು ಒಂದೇ ಕಾರಣವಲ್ಲ. ಅವರದೊಂದು ಮಾತಿತ್ತು: "ಊರ ಎತ್ತರ ಇದ್ರ ಖರ್ಚ ಬರೂದಿಲ್ಲ, ಊರಿನ ಹೆಸರ ಎತ್ತರ ಇದ್ರ ಬರತೈತಿ." ಎಲ್ಲರೂ ಹೋಗುವ ಗಿರಿಧಾಮಗಳ ಕಡೆ ಅವರು ತಲೆ ಹಾಕುತ್ತಿರಲಿಲ್ಲ. ನಕ್ಷೆ ಹರಡಿ, ಸಾದಾ ಬಸ್ಸು ಹೋಗಿ ನಿಲ್ಲುವ ಕೊನೆಯ ಊರು ಯಾವುದೆಂದು ನೋಡುತ್ತಿದ್ದರು. ದೀಪಾವಳಿ ಮುಗಿಯುತ್ತಲೇ ಅಲ್ಲಿನ ಶಾಲೆಯ ಹೆಡ್‌ಮಾಸ್ತರರಿಗೆ ಹಿಂದಿಯಲ್ಲಿ ಪತ್ರ ಹೋಗುತ್ತಿತ್ತು. ನಾನೂ ನಿಮ್ಮ ಹಾಗೆ ಕಲಿಸುವವಳು, ಸೂಟಿಯಲ್ಲಿ ನಿಮ್ಮ ಶಾಲೆಯ ಪಡಸಾಲೆ ಖಾಲಿ ಇರುವುದಾದರೆ ನಮಗೆ ಮಲಗಲು ಕೊಡುತ್ತೀರಾ, ಎಂದು. ಬಹಳ ಜನ ಕೊಡುತ್ತಿದ್ದರು. ಕೊಡದ ಊರಲ್ಲಿ ಧರ್ಮಶಾಲೆ. ಹೋಟೆಲಿನಲ್ಲಿ ಉಣ್ಣುವ ಪ್ರಶ್ನೆಯೇ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಅಥಣಿ ಕಡೆಯ ಒಣದ್ರಾಕ್ಷಿ, ಜತೆಗೆ ಅಕ್ಕಿ, ಬೇಳೆ, ಪಾತ್ರೆ, ಒಂದು ಸ್ಟೋವ್. ಕೂಲಿಯವರು ಬೇಡ, ಯಾರ ಗಂಟು ಅವರ ತಲೆಯ ಮೇಲೆ.

ಅದಕ್ಕಾಗಿ ಹೊರಡುವ ಮೊದಲು ಒಂದು ಪರೀಕ್ಷೆ ಇರುತ್ತಿತ್ತು. ಬೆಳಿಗ್ಗೆ ಎಲ್ಲರೂ ಗಂಟು ಹೊತ್ತು ಚಿಕ್ಕೋಡಿ ಹೊರಗಿನ ಗುಡ್ಡ ಹತ್ತಬೇಕು. ಯಾರ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅಕ್ಕೋರು ನೋಡುತ್ತ ಹಿಂದಿನಿಂದ ಬರುತ್ತಿದ್ದರು. ಅರ್ಧಕ್ಕೆ ಕೂತವರಿಗೆ ಬೈಯುತ್ತಿರಲಿಲ್ಲ. "ಗಂಟ ಬಿಚ್ಚರಿ, ಏನ ಐತಿ ನೋಡೂನು" ಎನ್ನುತ್ತಿದ್ದರು. ಗಂಟಿನಿಂದ ಹಿತ್ತಾಳೆ ತಂಬಿಗೆ, ಎರಡನೆಯ ಕಂಬಳಿ, ಒಮ್ಮೆ ಒಬ್ಬಾಕೆಯ ಗಂಟಿನಿಂದ ಕಬ್ಬಿಣದ ಹಂಚು ಹೊರಬಿತ್ತು. ಅವನ್ನೆಲ್ಲ ಗುಡ್ಡದಿಂದಲೇ ಮನೆಗೆ ಕಳಿಸಲಾಗುತ್ತಿತ್ತು.

ಇನ್ನೊಂದು ನಿಯಮ: ಗಂಡಸರು ಬರುವಂತಿಲ್ಲ. "ಗಂಡಸರ ಬಂದ್ರ ಪ್ರತಿ ಸ್ಟ್ಯಾಂಡಿಗೆ ಇಳೀತಾರ. ಇಳದ್ರ ಚಹಾ, ಚಹಾ ಆದ್ಮ್ಯಾಲ ಎಲಿ ಅಡಕಿ. ಬಸ್ಸ ಮುಂದ ಹೋಗೂದ ಯಾವಾಗ?"

ಆ ವರ್ಷ, ಎಂಬತ್ತರ ದಶಕದ ನಡುವಿನಲ್ಲಿ, ನನ್ನ ಅವ್ವ ತಾನೂ ಬರುತ್ತೇನೆಂದು ಹೆಸರು ಹೇಳಿದಳು.

ನಾವು ಅಂಕಲಿಯ ಜೈನ ಒಕ್ಕಲು ಮನೆತನ. ಅವ್ವ ಮಿರಜ ದಾಟಿ ಆಚೆ ಹೋದವಳಲ್ಲ. ಮದುವೆಯಾಗಿ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವುದಿಲ್ಲ ಎಂಬ ವ್ರತ ನಡೆಸಿದ್ದಳು. ನೀರನ್ನೂ ಬಟ್ಟೆಯಲ್ಲಿ ಸೋಸಿ, ಕಾಸಿ ಕುಡಿಯುತ್ತಿದ್ದಳು. ಅಕ್ಕೋರು ನಮ್ಮ ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ.

"ಅಕ್ಕೋರ, ಅಲ್ಲಿ ಹೊತ್ತ ಮುಳುಗೂಕಿಂತ ಮೊದಲ ಊಟಾ ಸಿಗತೈತೇನ್ರಿ?"

"ಸಿಗತೈತ್ರಿ ವೈನಿ. ಅಡಗಿ ನಮ್ಮದ, ಸ್ಟೋವ್ ನಮ್ಮದ. ಹೊತ್ತ ಮುಳುಗೂದ್ರಾಗ ನಿಮಗ ತಾಟ ಹಾಕಿ ಕೊಡೂದ ನನಗ ಬಿಡ್ರಿ. ಮಾತ ಕೊಟ್ಟೀನಿ."

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. "ಇಕಿ ಹ್ವಾದ್ರ ನನಗ ರೊಟ್ಟಿ ಯಾರ್ರಿ ಬಡ್ಯಾವ್ರು?" ಎಂದ.

"ಒಂದ ಡಬ್ಬಿ ಖಡಕ್ ರೊಟ್ಟಿ ನಿಮಗೂ ಇಟ್ಟ ಬರ್ತಾರ. ನಾವು ಹಿಮಾಲಯದಾಗ ಅದನ್ನ ತಿಂತೀವಿ, ನೀವು ಅಂಕಲ್ಯಾಗ ತಿನ್ರಿ."

ಅವ್ವನ ಗಂಟು ಅಪ್ಪನೇ ಕಟ್ಟಿದ.

ಮಿರಜದಿಂದ ರೈಲು ಹತ್ತಿದರು. ನಿಪ್ಪಾಣಿ, ರಾಯಬಾಗ, ಅಂಕಲಿ, ಬೇಡಕಿಹಾಳದ ಹೆಂಗಸರು. ಮೂರು ನಾಲ್ಕು ಮಂದಿ ಅವ್ವನ ಹಾಗೆ ವ್ರತದವರು. ದಿಲ್ಲಿ, ಅಲ್ಲಿಂದ ಹರಿದ್ವಾರ, ಋಷಿಕೇಶ. ಅಲ್ಲಿ ಒಂದು ಸಣ್ಣ ಬಸ್ಸು ಗೊತ್ತು ಮಾಡಿ ಜೋಶಿಮಠದ ದಾರಿ ಹಿಡಿದರು. ಅಲ್ಲಿಯವರೆಗೆ ಅವರು ಹಾಕಿದ ಅಂಚೆ ಕಾರ್ಡುಗಳು ನನಗೆ ಬಂದವು. ಆಮೇಲೆ ಬರಲಿಲ್ಲ.

ಮುಂದಿನದನ್ನು ನಾನು ಅವ್ವನಿಂದ ಒಮ್ಮೆ, ಕಾಕೂನಿಂದ ಒಮ್ಮೆ, ಅಕ್ಕೋರಿಂದ ಒಮ್ಮೆ ಬೇರೆಬೇರೆಯಾಗಿ ಕೇಳಿದ್ದೇನೆ. ಮೂವರ ಮಾತೂ ಹೊಂದುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಬಸ್ಸು ಆಳವಾದ ಕಣಿವೆಯಲ್ಲಿ ನದಿಯ ಬದಿಗೆ ಹೋಗುತ್ತಿತ್ತು. ಆ ರಾತ್ರಿಯ ವಸತಿ ಮುಂದಿನ ಊರಿನ ಶಾಲೆಯಲ್ಲಿ. ಹೆಡ್‌ಮಾಸ್ತರರು ಪತ್ರ ಬರೆದು ಒಪ್ಪಿದ್ದರು. ಮಧ್ಯಾಹ್ನ ಕಳೆದು ನಾಲ್ಕೂವರೆಯ ಸುಮಾರಿಗೆ ಸೂರ್ಯ ಎಡಗಡೆಯ ಬೆಟ್ಟದ ಹಿಂದೆ ಸರಿದ. ಕಣಿವೆಯಲ್ಲಿ ನೆರಳು ಬಿತ್ತು, ಚಳಿ ಶುರುವಾಯಿತು. ರೊಟ್ಟಿಯ ಗಂಟು, ಸ್ಟೋವ್ ಎಲ್ಲ ಬಸ್ಸಿನ ನೆತ್ತಿಯ ಮೇಲಿದ್ದವು. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದಳು.

"ಅಕ್ಕೋರ, ಹೊತ್ತ ಮುಳುಗಾಕತ್ತೈತ್ರಿ. ಗಾಡಿ ನಿಂದ್ರಸ್ರಿ."

"ಮುಳುಗಿಲ್ರಿ ವೈನಿ. ಗುಡ್ಡದ ಹಿಂದ ಹೋಗ್ಯಾನ. ಮುಳುಗಾಕ ಇನ್ನ ಎರಡ ತಾಸ ಮ್ಯಾಲ ಐತಿ."

"ಕಾಣವಲ್ಲನಲ್ರಿ."

"ಕಾಣಲಿಲ್ಲಂದ್ರ ಮುಳುಗಿದಾಂಗ ಅಲ್ರಿ. ಚಿಕ್ಕೋಡ್ಯಾಗ ಏಳರ ಸುಮಾರ ಮುಳುಗತಾನ, ಇಲ್ಲೂ ಹಂಗ. ಗಡಿಯಾರ ನೋಡ್ರಿ."

"ನಾ ಗಡಿಯಾರ ನೋಡಿ ವ್ರತ ಹಿಡದಿಲ್ರಿ ಅಕ್ಕೋರ. ಸೂರ್ಯನ್ನ ನೋಡಿ ಹಿಡದೇನಿ."

ಬಯಲುನಾಡಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಕೃಷ್ಣೆಯ ದಂಡೆಯಲ್ಲಿ ಸೂರ್ಯ ಕಾಣಲಿಲ್ಲವೆಂದರೆ ಮುಳುಗಿದನೆಂದೇ ಅರ್ಥ. ನಡುವೆ ಅಡ್ಡ ಬರಲು ಕಬ್ಬಿನ ಗದ್ದೆ ಬಿಟ್ಟರೆ ಏನೂ ಇಲ್ಲ. ಅಕ್ಕೋರು ಬಸ್ಸಿನಲ್ಲಿ ಎದ್ದು ನಿಂತು, ಕಿತ್ತಳೆಯೊಂದನ್ನು ಹಿಡಿದು, ಮುಷ್ಟಿಯನ್ನು ಬೆಟ್ಟ ಮಾಡಿ ಪಾಠ ಹೇಳಿದರಂತೆ. ನದಿಯಾಚೆಯ ಬೆಟ್ಟದ ನೆತ್ತಿಯ ಮೇಲೆ ಇನ್ನೂ ಬಿಸಿಲಿರುವುದನ್ನು ತೋರಿಸಿದರಂತೆ. ವ್ರತದ ಹೆಂಗಸರು ಪಾಠ ಪೂರ್ತಿ ಕೇಳಿದರು. ಕೇಳಿ, "ಆ ಗುಡ್ಡದ ಮ್ಯಾಲ ಇದ್ದಾವ್ರ ತಡಾ ಮಾಡಿ ಉಣ್ಣಲಿ. ನಾವ ಇಲ್ಲಿ ಅದೀವಿ, ಇರೂ ಬೆಳಕಿನ್ಯಾಗ ಉಣ್ಣಬೇಕು" ಎಂದರು.

"ಹಂಗಾರ ಇವತ್ತ ಉಪಾಸ ಇರ್ರಿ. ಊರ ಮುಟ್ಟಿ ಮಲಗೂನು" ಎಂದರು ಅಕ್ಕೋರು. ಆ ಊರಿನಲ್ಲಿ ಪುಕ್ಕಟೆ ಜಾಗ, ನೀರು ಎಲ್ಲ ಗೊತ್ತಾಗಿತ್ತು. ದಾರಿಯಲ್ಲಿ ನಿಂತರೆ ಯಾವುದೂ ಗೊತ್ತಿಲ್ಲ.

ಆಗ ಅವ್ವ ಹೇಳಿದ್ದು: "ಮಾತ ಕೊಟ್ಟಿದ್ರಿ."

ಅಷ್ಟರಲ್ಲಿ ಕಾಕೂ ಮುಂದೆ ಹೋಗಿ ತನ್ನ ಹಿಂದಿಯಲ್ಲಿ ಡ್ರೈವರನಿಗೆ, "ಭಯ್ಯಾ, ಗಾಡಿ ಥಾಂಬಾವೋ! ಬಾಯಕಾ ಭೂಕೀ ಹೈ!" ಎಂದಳು. ಗಾಡಿ ನಿಲ್ಲಿಸು, ಹೆಂಗಸರು ಹಸಿದಿದ್ದಾರೆ ಎಂಬ ಅರ್ಧ ಮರಾಠಿಯ ಆ ಹಿಂದಿ ಅವನಿಗೆ ಅರ್ಥವಾಗಲಿಲ್ಲ, ಕೂಗು ಅರ್ಥವಾಯಿತು. ಒಂದು ಚಹಾದಂಗಡಿ, ಒಂದು ಸಣ್ಣ ಶಾಲೆ, ನಾಲ್ಕಾರು ಮನೆ ಇದ್ದ ಜಾಗದಲ್ಲಿ ಬಸ್ಸು ನಿಂತಿತು. ಡ್ರೈವರ್ ಸಿಟ್ಟಾದ. ಹಗಲಿರುವಾಗ ಊಟ ಏನು, ಕತ್ತಲಾದರೆ ಆ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ, ಮುಂದೆ ಹೋಗುವುದು ನಾಳೆಯೇ ಎಂದ. ಹಿಂದಿನಿಂದ ಬಂದ ಒಂದು ಲಾರಿ ಹಾರ್ನ್ ಹೊಡೆದು ಮುಂದೆ ಹೋಯಿತು. ಅದರ ಚಾಲಕ ಇವನ ಪರಿಚಯದವನು. ಕೈ ಬೀಸಿ, ನಕ್ಕು ಹೋದನಂತೆ.

ಸ್ಟೋವ್ ಹಚ್ಚಿದರು. ಆ ಎತ್ತರದಲ್ಲಿ ಬೇಳೆ ಬೇಗ ಬೇಯಲಿಲ್ಲ. ರೊಟ್ಟಿ, ಚಟ್ನಿ ತಿಂದರು. ಅಕ್ಕೋರು ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ಸಿಟ್ಟಿನಲ್ಲಿ ಕೂತು, ನಿಜವಾದ ಸೂರ್ಯಾಸ್ತಕ್ಕೆ ಕಾದು, ಏಳು ಗಂಟೆಗೆ ಉಂಡರಂತೆ. ಅವರಿಗೆ ವ್ರತವಿರಲಿಲ್ಲ. ತಮ್ಮ ಲೆಕ್ಕ ಸರಿ ಎಂದು ತೋರಿಸಲು ಉಂಡರು.

ಆ ಸಂಜೆ ಮುಂದೆ ಕೆಲವು ಮೈಲಿಯ ಮೇಲೆ ಗುಡ್ಡ ಜರಿಯಿತು.

ರೇಡಿಯೊದ ಹಿಂದಿ ವಾರ್ತೆಯಲ್ಲಿ ನಾನು ಕೇಳಿದ್ದು ಇಷ್ಟು: ಬೆಟ್ಟದ ರಸ್ತೆ ಕುಸಿದಿದೆ, ವಾಹನಗಳು ಸಿಕ್ಕಿಕೊಂಡಿವೆ, ತಂತಿ ಸಂಪರ್ಕ ಕಡಿದಿದೆ. ರಸ್ತೆಯ ಹೆಸರು ಅದೇ. ಬೇರೆಯವರ ಊರಿನ ಇಂಥ ವಾರ್ತೆಗಳನ್ನು ನಾನು ಎಷ್ಟೋ ಸಲ ಕೇಳಿ ಚಹಾ ಕುಡಿದಿದ್ದೆ. ಅವತ್ತು ಬಟ್ಟಲು ಕೆಳಗಿಟ್ಟು ಅಂಕಲಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ನನ್ನ ಜತೆ ಚಿಕ್ಕೋಡಿಗೆ ಬಂದ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತ. ಮರುದಿನವೂ ಅಲ್ಲೇ ಕೂತ.

ನನ್ನ ಕೋಣೆ ಗಂಡಂದಿರಿಂದ ತುಂಬಿತು. ಪತ್ರಿಕೆಯವನಿಗೆ ಮೊದಲು ಗೊತ್ತಾಗುತ್ತದೆ ಎಂಬ ನಂಬಿಕೆ. ಟ್ರಂಕ್ ಕಾಲ್ ಹಚ್ಚಿದೆ, ಸಿಗಲಿಲ್ಲ. ಬೆಳಗಾವಿಯ ಕಚೇರಿಗೆ ಕೇಳಿದೆ, ನನಗೆ ಗೊತ್ತಿದ್ದಷ್ಟೇ ಅವರಿಗೂ ಗೊತ್ತಿತ್ತು. ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ಬಾಯಿ ಎಲ್ಲರಿಗಿಂತ ಜೋರು. ಅವರ ಹೆಂಡತಿಯೂ ಆ ಬಸ್ಸಿನಲ್ಲಿದ್ದಳು.

"ಅಕ್ಕೋರ ಮ್ಯಾಲ ಪೊಲೀಸ್ ಕಂಪ್ಲೇಂಟ್ ಕೊಡತೀನಿ ನಾ. ಹೆಂಗಸರನ್ನ ಕರಕೊಂಡ ಗುಡ್ಡ ಗಂವ್ಹಾರ ತಿರಗಾಕ ಆಕೀಗ ಪರ್ಮಿಶನ್ ಕೊಟ್ಟಾವ್ರ್ಯಾರು?"

"ನೀವ ಕೊಟ್ಟಿದ್ರಿ" ಎಂದರು ಬೇಡಕಿಹಾಳದ ಹವಾಲ್ದಾರರು. ಅವರು ಮೂಲೆಯಲ್ಲಿ ಬೀಡಿ ಹಚ್ಚದೆ ಹಿಡಿದು ಕೂತಿದ್ದರು. "ಮಿರಜಿಗೆ ಬಂದ ರೈಲಿಗೆ ಹತ್ತಿಸಿದ್ರಿ. ನಾ ನೋಡೀನಿ."

"ಹವಾಲ್ದಾರ, ನಿಮಗ ಹೆಂಡ್ತಿ ಚಿಂತಿ ಇಲ್ಲನು?"

"ಐತಿ. ಅದಕ್ಕ ಸುಮ್ಮ ಕುಂತೀನಿ. ರಸ್ತೆ ಹೋದ್ರ ಪಲಟಣ ಬಂದು ಮಾಡತೈತಿ. ಎರಡ ದಿನ, ನಾಕ ದಿನ. ಆ ಕೆಲಸ ನಾನೂ ಮಾಡೀನಿ." ಸ್ವಲ್ಪ ಹೊತ್ತಾದ ಮೇಲೆ, ಯಾರೂ ಕೇಳದಿದ್ದರೂ, "ಆ ಕೋಟ ಭಾಳ ಬೆಚ್ಚಗ ಐತಿ" ಎಂದರು.

ಮೂರನೆಯ ದಿನ ಮಧ್ಯಾಹ್ನ ತಂತಿ ಬಂತು. ಇಂಗ್ಲಿಷಿನಲ್ಲಿ ಮೂರೇ ಪದ. ಕನ್ನಡದಲ್ಲಿ ಹೇಳುವುದಾದರೆ: ಎಲ್ಲರೂ ಕ್ಷೇಮ, ತಡ. ಅಂಚೆಯವರು ಮೆಟ್ಟಿಲಿಗೇ ಬಂದು ಓದಿದರು. ಅಪ್ಪ ಇನ್ನೊಮ್ಮೆ ಓದಿಸಿದ. ಮತ್ತೊಮ್ಮೆ ಓದಿಸಿದ. ಕೊನೆಗೆ ಅಂಚೆಯವರು, "ಎಷ್ಟ ಸಲ ಓದಿದ್ರೂ ಅಷ್ಟ ಐತ್ರಿ ಯಜಮಾನ್ರ" ಎಂದು ಕಾಗದವನ್ನು ಕೈಗೆ ಕೊಟ್ಟು ಒಳಗೆ ಹೋದರು.

ನನ್ನ ಕೋಣೆಯಲ್ಲಿ ಒಮ್ಮೆಲೇ ಎಲ್ಲರೂ ನಕ್ಕರು, ಒಮ್ಮೆಲೇ ಎಲ್ಲರಿಗೂ ಹಸಿವಾಯಿತು. ವ್ಯಾಪಾರಿ ಕಣ್ಣು ಒರೆಸಿಕೊಳ್ಳುತ್ತ ಅಕ್ಕೋರನ್ನು ಬೈದರು. "ಮೂರ ಅಕ್ಷರ! ಇನ್ನೊಂದ ಎರಡ ಹಾಕಿದ್ರ ಏನ ಗಂಟ ಹೋಗತಿತ್ತು ಆಕೀದು? ಎಲ್ಲಿ ಅದಾರ, ಹೆಂಗ ಅದಾರ, ಏನೂ ಇಲ್ಲ!"

"ಹೆಚ್ಚಿನ ಪದಕ್ಕ ಹೆಚ್ಚಿಗಿ ರೊಕ್ಕ ಬೀಳತಾವಲ್ರಿ" ಎಂದರು ಹವಾಲ್ದಾರರು, ಮತ್ತು ಬೀಡಿ ಹಚ್ಚಿದರು.

ಆ ತಂತಿ ಹೇಗೆ ಬಂತೆಂಬುದು ಆಮೇಲೆ ಗೊತ್ತಾಯಿತು. ರಸ್ತೆ ಬಿಡಿಸಲು ಬಂದ ಸೈನಿಕರು, ಚಹಾದಂಗಡಿಯ ಮುಂದೆ ಸೀರೆಯ ಮೇಲೆ ಸೈನ್ಯದ ಕೋಟು ತೊಟ್ಟು ಸಾಲಾಗಿ ಕೂತ ಹೆಂಗಸರನ್ನು ನೋಡಿ ನಿಂತುಬಿಟ್ಟರು. ಅವರಲ್ಲಿ ಒಬ್ಬ ನಮ್ಮ ಗಡಿಯಾಚೆಯ ಹುಡುಗ. ಒಂಬತ್ತುವಾರಿ ಸೀರೆ ಗುರುತು ಹಿಡಿದು, ಕಾಕೂನ ಕೋಟಿನ ಗುಂಡಿ ಮುಟ್ಟಿ, ನಿಮ್ಮದು ಯಾವ ತುಕಡಿ ಎಂದು ಮರಾಠಿಯಲ್ಲಿ ಕೇಳಿದ: "ಕಾಕೂ, ಕುಠಲೀ ಪಲಟಣ ತುಮಚೀ?"

"ಬೇಡಕಿಹಾಳ ಪಲಟಣ" ಎಂದಳು ಕಾಕೂ.

ಅವನು ರೊಟ್ಟಿ, ಶೇಂಗಾ ಚಟ್ನಿ ತಿಂದ. ತಂತಿ ಹೋಗುವ ಊರಿಗೆ ಸೈನ್ಯದ ಗಾಡಿ ಹಿಂದೆ ಹೋಗುವಾಗ ಅಕ್ಕೋರ ಮೂರು ಪದಗಳನ್ನು ಒಯ್ದವನು ಅವನೇ. ಆ ದಿನಗಳಲ್ಲಿ ಸಿಕ್ಕಿಬಿದ್ದ ಬೇರೆ ಪ್ರಯಾಣಿಕರಿಗೂ ನಮ್ಮ ಊರುಗಳ ರೊಟ್ಟಿ ಹಂಚಿಕೆಯಾಯಿತು. ಕುದಿಸದೆ, ಬೇಯಿಸದೆ ತಿನ್ನಬಹುದಾದದ್ದು ಆ ಜಾಗದಲ್ಲಿ ಅದೊಂದೇ ಇತ್ತು.

ಅವರನ್ನು ದಾಟಿ ಹೋದ ಲಾರಿ ಮಾತ್ರ ಎಲ್ಲೂ ಸಿಗಲಿಲ್ಲ. ಬಸ್ಸು ಮುಂದೆ ಹೋಗಿದ್ದರೆ ಗುಡ್ಡ ಜರಿದಾಗ ಅದೇ ತಿರುವಿನಲ್ಲಿ ಇರುತ್ತಿತ್ತೇ? ಹೇಳಲಾಗದು. ಸುಮಾರು ಆ ಹೊತ್ತಿಗೆ ಆ ಆಸುಪಾಸಿನಲ್ಲಿ ಇರುತ್ತಿತ್ತು. ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು. ರಸ್ತೆ ತೆರೆದ ಮೇಲೆ ಡ್ರೈವರ್ ಪ್ರತಿದಿನ ನೆರಳು ಬೀಳುತ್ತಲೇ ಯಾರೂ ಹೇಳದೆ ಗಾಡಿ ಬದಿಗೆ ಹಾಕಿ, ಅವ್ವನ ಕಡೆ ತಿರುಗಿ, "ಮಾತಾಜಿ, ಖಾನಾ" ಎನ್ನುತ್ತಿದ್ದನಂತೆ.

ಅವರು ಮರಳಿ ಚಿಕ್ಕೋಡಿಯಲ್ಲಿ ಇಳಿದಾಗ ಮಳೆಗಾಲಕ್ಕೆ ಮುಂಚಿನ ಧಗೆ. ಕೈಯಲ್ಲಿ ಗಂಟು ಇದ್ದದ್ದರಿಂದ ಅವ್ವ ಕೋಟನ್ನು ಮೈಮೇಲೆಯೇ ಹಾಕಿಕೊಂಡು ಇಳಿದಳು, ಬೆವರು ಸುರಿಯುತ್ತಿತ್ತು. ಅಪ್ಪ ಮುಂದೆ ಹೋಗಿ ಗಂಟು ಇಸಕೊಂಡ.

"ಹಿಮ ನೋಡಿದೇನು?"

"ನೋಡಿದ್ನಿ. ಕಬ್ಬಿನ ಗದ್ದಿಗೆ ಉಪ್ಪ ಸುರವಿದಾಂಗ ಇತ್ತು." ಅಪ್ಪನ ಮುಖ ನೋಡಿ ಕೇಳಿದಳು: "ಸೊರಗೀರಿ. ರೊಟ್ಟಿ ಮುಗದಿದ್ವೇನು?"

"ಡಬ್ಬಿ ಹಂಗ ಐತಿ" ಎಂದ ಅಪ್ಪ.

ಅಕ್ಕೋರು ಎಲ್ಲರಿಗಿಂತ ಕೊನೆಗೆ ಇಳಿದರು. ಗಂಡಂದಿರು ಸುತ್ತ ನಿಂತಿದ್ದರು. ನಿಪ್ಪಾಣಿಯ ವ್ಯಾಪಾರಿ ಶುರು ಮಾಡಿದರು, ಜನ ಸೇರುವಷ್ಟು ಕೂಗಾಡಿದರು. ಅಕ್ಕೋರು ಒಂದು ಮಾತನ್ನೂ ತಡೆಯದೆ ಕೇಳಿದರು. ವ್ಯಾಪಾರಿ ಸುಸ್ತಾಗಿ ನಿಲ್ಲಿಸಿದ ಮೇಲೆ, "ನಿಮ್ಮ ಮನಿಯವರ ಕೋಟ ಬಿಚ್ಚಿ ಕೊಡಸ್ರಿ. ಕಡಾ ತಂದದ್ದು ಅದು, ವಾಪಸ್ ಮುಟ್ಟಿಸಬೇಕು" ಎಂದರು. ವ್ಯಾಪಾರಿಯ ಹೆಂಡತಿ ಗಂಡನ ಕಡೆ ನೋಡುತ್ತ ಒಂದೊಂದೇ ಗುಂಡಿ ಬಿಚ್ಚಿದಳು. "ಮುಗೀತೇನ್ರಿ ನಿಮ್ಮದು?" ಎಂದಳು. ಅವರದು ಮುಗಿದಿತ್ತು.

ಸೂರ್ಯನ ವಿಷಯ ತಿಳಿದ ನನ್ನ ಸಂಪಾದಕರು 'ವ್ರತದ ಪವಾಡ' ಎಂದು ತಲೆಬರಹ ಕೊಡುವಂತೆ ಹೇಳಿದರು. ನಾನು ಅಕ್ಕೋರ ಬಳಿ ಹೋದೆ.

"ಪವಾಡ ಅಂತ ಬರೀಬ್ಯಾಡ" ಎಂದರು. "ಬರದಿ ಅಂದ್ರ ಮುಂದಿನ ವರ್ಷ ಯಾರೂ ಕೋಟ ತರೂದಿಲ್ಲ, ಗುಡ್ಡ ಹತ್ತೂದಿಲ್ಲ. ವ್ರತ ಐತಿ ಅಂತಾರ."

"ಮತ್ತ ಏನಂತ ಬರೀಲಿ?"

"ಬಸ್ಸ ನಿಂತಿತ್ತು ಅಂತ ಬರಿ. ನಿಂತಿತ್ತಲ್ಲ?"

"ಯಾಕ ನಿಂತಿತ್ತು ಅಂತ ಕೇಳತಾರ."

ಅಕ್ಕೋರು ಕಿಟಕಿಯ ಕಡೆ ನೋಡಿದರು. "ಲೆಕ್ಕ ನಂದ ಖರೇ ಇತ್ತು" ಎಂದರು. ನಾನು ಬಸ್ಸು ನಿಂತಿತ್ತು ಎಂದೇ ಬರೆದೆ. ಸುದ್ದಿ ಒಳಪುಟದಲ್ಲಿ ಸಣ್ಣದಾಗಿ ಬಂತು.

ಮರುವರ್ಷ ಅಕ್ಕೋರು ಇನ್ನು ಹೊರಡುವುದಿಲ್ಲ ಎಂದುಕೊಂಡಿದ್ದೆ. ಹೊರಟರು. ಅದರ ಮರುವರ್ಷವೂ. ತೊಂಬತ್ತರ ದಶಕದ ಆರಂಭದಲ್ಲಿ ಅಕ್ಕೋರು ನಿವೃತ್ತರಾಗುವವರೆಗೆ, ಆಮೇಲೂ ಒಂದೆರಡು ವರ್ಷ ಹೋದರು. ಒಂದು ಬದಲಾವಣೆ ಮಾತ್ರ ನನ್ನ ಗಮನಕ್ಕೆ ಬಂತು. ಗುಡ್ಡ ಹತ್ತಿಸುವ ದಿನ ನಿಯಮಗಳನ್ನು ಹೇಳುವಾಗ ಹೊಸದೊಂದು ಸೇರಿತ್ತು: ರಸ್ತೆಯ ಮೇಲೆ ನೆರಳು ಬಿದ್ದ ಮೇಲೆ ಗಾಡಿ ಮುಂದೆ ಹೋಗುವುದಿಲ್ಲ. ಹೊಸದಾಗಿ ಬಂದ ರಾಯಬಾಗದ ಒಬ್ಬಾಕೆ ಯಾಕೆ ಎಂದು ಕೇಳಿದಳು.

"ಬಿಸಲಾಗಿಂದ ನೆರಳಿಗೆ ಹೊಕ್ರ ಡ್ರೈವರನ ಕಣ್ಣಿಗೆ ತ್ರಾಸ ಆಗತೈತಿ" ಎಂದರು ಅಕ್ಕೋರು. ಹಿಂದೆ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಹಿಡಿದಳು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಹೋದ ಗಣೇಶಚೌತಿಯ ಸುಮಾರಿಗೆ. ಅವ್ವ ಬೆಲ್ಲ ಕೊಟ್ಟು ಕಳಿಸಿದ್ದಳು. ಚಿಕ್ಕೋಡಿಯ ಅದೇ ಬಾಡಿಗೆ ಮನೆ. ಮೊಣಕಾಲು ಸೋತಿದ್ದವು, ಹೆಜ್ಜೆ ಸಣ್ಣದಾಗಿತ್ತು. ಗೋಡೆಗೆ ಹಳೆಯ ನಕ್ಷೆ ಹಾಗೆಯೇ ಇತ್ತು. ಹಿಂದಿನ ಓಣಿಯಲ್ಲಿ ಪಶ್ಚಿಮಕ್ಕೆ ಮೂರಂತಸ್ತಿನ ಕಟ್ಟಡವೊಂದು ಎದ್ದಿತ್ತು. ನಾವು ಹವಾಲ್ದಾರರ ವಿಷಯ, ಕಾಕೂನ ಮೊಮ್ಮಗಳ ಮದುವೆಯ ವಿಷಯ ಮಾತಾಡುತ್ತಿರುವಾಗ ಹಿತ್ತಲ ಬಾಗಿಲಿನ ಬಿಸಿಲು ಹೋಯಿತು. ಸೂರ್ಯ ಕಟ್ಟಡದ ಹಿಂದೆ ಸರಿದಿದ್ದ. ಗಡಿಯಾರದಲ್ಲಿ ಇನ್ನೂ ಐದಾಗಿರಲಿಲ್ಲ.

ಅಕ್ಕೋರು ಗೋಡೆ ಹಿಡಿದು ಎದ್ದರು. ಎರಡು ತಾಟು ತೆಗೆದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸತೊಡಗಿದರು.

ನಾನು ಬಾಗಿಲ ಕಡೆ ನೋಡಿದೆ.

"ಗೊತ್ತೈತಿ ನನಗ" ಎಂದರು. "ಬಿಲ್ಡಿಂಗಿನ ಹಿಂದ ಹೋಗ್ಯಾನ. ಮುಳುಗಿಲ್ಲ."

"ಮತ್ತ?"

"ಮತ್ತೇನು, ಹಸಿವ್ಯಾಗೇತಿ."

ಇಷ್ಟು ವರ್ಷ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಅಕ್ಕೋರ, ಅವತ್ತ ನಿಮ್ಮ ಮಾತ ನಡೆದಿದ್ರ?"

ಅವರು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು. ಸಿಟ್ಟಾಗಲಿಲ್ಲ.

"ನಡೀಲಿಲ್ಲಲ್ಲೋ ತಮ್ಮಾ. ಆ ಲಾರಿಯಂವ ಕೈ ಬೀಸಿದ್ದ ಕಣ್ಣಿಗೆ ಕಟ್ಟಿತ್ತು. ಆ ವರ್ಷ ಭಾಳ ದಿನ ಮಲಕೊಂಡ್ರ ನಿದ್ದಿ ಬರತಿರಲಿಲ್ಲ. ಇಷ್ಟ ಮಂದೀನ ಎಲ್ಲಿಗಿ ಒಯ್ಯಾಕಿ ಇದ್ನಿ ನಾ ಅಂತ. ಇನ್ನ ಯಾರೂ ನನ್ನ ಸಂಗಾಟ ಬರೂದಿಲ್ಲ, ಬರಬಾರದು, ಅಂತ ಕೋಟ ಎಲ್ಲಾ ವಾಪಸ್ ಕೊಟ್ಟ ಬಂದ್ನಿ. ದೀಪಾವಳಿ ಆಗಿತ್ತೋ ಇಲ್ಲೋ, ನಿಮ್ಮವ್ವ ಅಂಕಲಿಯಿಂದ ಬಂದ್ಲು. ಕುಂಡ್ರಲೂ ಇಲ್ಲ. 'ಅಕ್ಕೋರ, ಈ ವರ್ಷ ಎಲ್ಲಿಗ್ರಿ? ನನ್ನ ಹೆಸರ ಮೊದಲ ಹಿಡೀರಿ' ಅಂದ್ಲು. ಅವತ್ತ ಮಲಕೊಂಡ್ನಿ ನೋಡು, ಮುಂಜಾನೆ ಸಾಲಿ ಗಂಟಿ ಹೊಡದ ಮ್ಯಾಲ ಎದ್ದೀನಿ."

ಅವ್ವ ಈ ವಿಷಯ ನನಗೆ ಎಂದೂ ಹೇಳಿರಲಿಲ್ಲ. ಅವಳಿಗೆ ಅದು ಹೇಳುವಂಥ ಸಂಗತಿ ಅನ್ನಿಸಿರಲಾರದು.

"ಕುಂಡರು" ಎಂದರು ಅಕ್ಕೋರು. "ರೊಟ್ಟಿ ಆರತಾವ."

ಕೂತೆ. ಇಬ್ಬರೂ ಉಂಡೆವು. ಬೆಲ್ಲವನ್ನೂ ಒಡೆದು ತಿಂದೆವು. ಕೈ ತೊಳೆದು ಹೊರಗೆ ಬಂದಾಗ, ಕಟ್ಟಡದ ಆಚೆ ರಸ್ತೆಯಲ್ಲಿ ಇನ್ನೂ ಬೇಕಾದಷ್ಟು ಬಿಸಿಲಿತ್ತು.